ಗುಮ್ಮಜ್ಜನ ಕಣ್ಣು

"ಕಾಲ ಕಡೆಯವರು ಸ್ವಲ್ಪ ಎತ್ತಿ ಹಿಡೀರಪ್ಪ, ಅಜ್ಜ ಜಾರ್ತಾ ಇದಾರೆ," ಎಂದು ಕೋಚು ಮೇಲಿನ ಮೆಟ್ಟಿಲಿನಿಂದ ಹೇಳಿದ.

ಕಾಲ ಕಡೆಯವನೆಂದರೆ ಬೇಸಪ್ಪ. ಹಿಮ್ಮುಖವಾಗಿ ಇಳಿಯುತ್ತಿದ್ದ ಅವನ ಎದೆಗೆ ಶವಪೆಟ್ಟಿಗೆಯ ಅಂಚು ಒತ್ತಿಕೊಂಡಿತ್ತು. ಮೆಟ್ಟಿಲಿಳಿಯುವಾಗ ಭಾರವೆಲ್ಲ ಕೆಳಗಿರುವವನ ಪಾಲಿಗೆ, ಗಾಂಭೀರ್ಯವೆಲ್ಲ ಮೇಲಿರುವವನ ಪಾಲಿಗೆ. ಮಲಗುವ ಕೋಣೆಯಲ್ಲಿ ಪೆಟ್ಟಿಗೆ ಎತ್ತುವ ಹೊತ್ತಿಗೆ ಬೇಸಪ್ಪ ತಾನಾಗಿಯೇ ತಲೆಯ ಕಡೆ ಹೋಗಿ ನಿಂತಿದ್ದ. ಕೋಚು ಮೊಣಕೈಯಿಂದ ಮೆಲ್ಲಗೆ ಸರಿಸಿ, "ನೀವು ಆ ಕಡೆ ಹೋಗಿ ಸಾರ್, ಗಿಡ್ಡ ಅಲ್ವಾ, ಸಮ ಆಗುತ್ತೆ" ಎಂದಿದ್ದ. ಸಾವಿನ ಮನೆಯಲ್ಲಿ ಎತ್ತರದ ಚರ್ಚೆ ಬೇಡವೆಂದು ಬೇಸಪ್ಪ ಬಾಯಿ ಮುಚ್ಚಿಕೊಂಡು ಕಾಲಿನ ಕಡೆಗೆ ಬಂದ. ಬದುಕಿದ್ದಾಗ ಮುದುಕ ಎರಡನೆಯ ಜಾಗ ಕೊಟ್ಟ, ಸತ್ತ ಮೇಲೆ ಕಾಲಬುಡ ಕೊಟ್ಟ ಎಂದುಕೊಂಡ.

ಬೇಸಪ್ಪನ ನಿಜವಾದ ಹೆಸರು ಅವನ ಕನ್ನಡಕದಂಗಡಿಯ ಬೋರ್ಡಿನ ಮೇಲೆ ಮಾತ್ರ ಉಳಿದಿತ್ತು. ಮಕ್ಕಳ ಬೇಸ್‌ಬಾಲ್ ಲೀಗಿನಲ್ಲಿ ಅವನು ಎರಡನೆಯ ಅಂಪೈರು. ಮೈದಾನದ ನಡುವೆ, ಓಡುವ ಮಕ್ಕಳು ಮುಟ್ಟಬೇಕಾದ ಬೇಸಿನ ಪಕ್ಕದಲ್ಲಿ ನಿಲ್ಲುವ ಕೆಲಸ. ಮುಖದ ಮೇಲೆ ಸದಾ ಒಂದು ಬೇಸರ. ಎರಡನ್ನೂ ಕೂಡಿಸಿ ಯಾವುದೋ ಕಿಡಿಗೇಡಿ ಹುಡುಗ ಬೇಸಪ್ಪ ಎಂದು ಕರೆದ. ಹುಡುಗ ಬೆಳೆದು ಮಕ್ಕಳ ತಂದೆಯಾದ; ಹೆಸರು ಮಾತ್ರ ಅಲ್ಲೇ ಬೇಸಿನ ಪಕ್ಕ ನಿಂತುಬಿಟ್ಟಿತು.

ಪೆಟ್ಟಿಗೆಯೊಳಗಿದ್ದವನು ಮೊದಲನೆಯ ಅಂಪೈರು. ಬ್ಯಾಟು ಹಿಡಿದ ಮಗುವಿನ ಹಿಂದೆ, ಚೆಂಡು ಹಿಡಿಯುವ ಮಗುವಿನ ಬೆನ್ನಿಗೆ, ಕಂಬಿಗಳ ಮುಖವಾಡ ಹಾಕಿಕೊಂಡು ಕುಕ್ಕರಿಸಿ ನಿಲ್ಲುವವನು. ಮುಖವಾಡ ಕಂಡು ಚಿಕ್ಕ ಮಕ್ಕಳು ಅಳುತ್ತಿದ್ದವು. ಹಾಗಾಗಿ ಅವನು ಗುಮ್ಮ, ಕೂದಲು ನರೆತ ಮೇಲೆ ಗುಮ್ಮಜ್ಜ. ಒಳಗೆ ಬಂದ ಚೆಂಡು ಯಾವುದು, ಆಚೆ ಹೋದದ್ದು ಯಾವುದು ಎಂದು ತೀರ್ಮಾನ ಕೊಡುವ ಬಾಯಿ ಅವನದು. ಬೇಸಪ್ಪನಿಗೆ ಬರುತ್ತಿದ್ದದ್ದು ಓಡಿ ಬಂದ ಮಗುವಿನ ಕಾಲು ಬೇಸಿಗೆ ತಾಗಿತೇ ಇಲ್ಲವೇ ಎಂಬ ತಗಾದೆ ಮಾತ್ರ. ಇಷ್ಟು ವರ್ಷ ಅವನು ನೋಡಿದ್ದೆಲ್ಲ ಕಾಲುಗಳನ್ನೇ. ಈಗಲೂ ಅದೇ.

ಶವದ ವ್ಯಾನು ಹೊರಗೆ ನಿಂತಿತ್ತು. ಮೊದಲು ಕ್ಲಬ್ಬಿನ ಹಾಲಿಗೆ, ಅಲ್ಲಿ ಒಂದೆರಡು ಮಾತು. ಆಮೇಲೆ ಸ್ಮಶಾನದ ದಾರಿಯಲ್ಲಿ ಮೈದಾನದ ಬಳಿ ವ್ಯಾನು ನಿಲ್ಲಬೇಕು, ಒಂದು ಚೆಂಡು ಎಸೆಯಬೇಕು, ಅಜ್ಜನಿಗೆ ವಿದಾಯ. ಇದು ಕೋಚಿನ ಏರ್ಪಾಟು. ಎಸೆಯುವವಳು ಯಾರೆಂದು ತೀರ್ಮಾನವಾಗಿತ್ತು. ಬ್ಯಾಟಿನವರು ನಿಲ್ಲುವ ಪ್ಲೇಟಿನ ಹಿಂದೆ ಗುಮ್ಮಜ್ಜನ ಜಾಗದಲ್ಲಿ ನಿಲ್ಲುವವರು ಯಾರೆಂದು ಕೋಚು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಇವತ್ತು ನಿಂತವನು ಮುಂದಿನ ಸೀಸನ್ನಿಗೂ ಅಲ್ಲೇ ನಿಲ್ಲುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆ ಮಾತನ್ನು ಯಾರೂ ಆಡುತ್ತಿರಲಿಲ್ಲ. ಬೇಸಪ್ಪನ ಎದೆಗೆ ಒತ್ತಿದ್ದು ಪೆಟ್ಟಿಗೆಯ ಅಂಚಿಗಿಂತ ಹೆಚ್ಚಾಗಿ ಅದೇ.

*

ಹಾಲಿನ ಮುಂಭಾಗದಲ್ಲಿ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಮುಖವಾಡ. ಯೂನಿಫಾರಂ ಹಾಕಿದ ಮಕ್ಕಳು ಮೊದಲ ಸಾಲಿನಲ್ಲಿ ಕಾಲು ತೂಗಾಡಿಸುತ್ತ ಕುಳಿತಿದ್ದವು. ದೊಡ್ಡವರು ಟೀ ಲೋಟ ಹಿಡಿದು ಗುಂಪುಗುಂಪಾಗಿ ನಿಂತು ಸತ್ತವನ ಸಾಹಸಗಳನ್ನು ಹಂಚಿಕೊಳ್ಳುತ್ತಿದ್ದರು. ಬ್ರೆಡ್ಡು ಮಾರುವವನು ಪಾರಿವಾಳದ ಕತೆ ಹೇಳಿದ: ಎಸೆದ ಚೆಂಡು ಅಡ್ಡ ಹಾರಿದ ಪಾರಿವಾಳಕ್ಕೆ ಬಡಿದು ಸೀದಾ ಹಿಡಿಯುವವನ ಕೈಗೆ ಹೋಗಿ ಬಿದ್ದಾಗ, ಗುಮ್ಮಜ್ಜ ಎರಡೂ ಕೈ ಎತ್ತಿ "ಇದು ಎಸೆತವೇ ಅಲ್ಲ, ಹಕ್ಕಿ ಆಟಕ್ಕೆ ಹೆಸರು ಕೊಟ್ಟಿಲ್ಲ" ಎಂದಿದ್ದನಂತೆ. ಶಾಲೆಯ ಗುಮಾಸ್ತೆ ಎರಡೂ ಕೈಯಲ್ಲಿ ಎಸೆಯುತ್ತಿದ್ದ ಹುಡುಗನನ್ನು ನೆನಪಿಸಿದಳು. ಬಲಗೈಯೋ ಎಡಗೈಯೋ ಮೊದಲೇ ತೋರಿಸು ಎಂದು ಅಜ್ಜ ಕೇಳಿದ್ದಕ್ಕೆ ಆ ಹುಡುಗ ಎರಡನ್ನೂ ಮುಗಿದಿದ್ದನಂತೆ. ನೆಲಕ್ಕೆ ಪುಟಿದು ಬಂದ ಚೆಂಡು ಎಷ್ಟೇ ನೆಟ್ಟಗೆ ಹಾದರೂ ಒಳಗೆ ಬಂದ ಲೆಕ್ಕವಲ್ಲ, ಸ್ಟ್ರೈಕ್ ಅಲ್ಲವೆಂದು ಅಜ್ಜ ಒಬ್ಬ ವಕೀಲನಿಗೆ ಪಾಠ ಮಾಡಿದ್ದೂ ಬಂತು.

ಕತೆ ಹೇಳಿದವರೆಲ್ಲ ಕೊನೆಗೆ ಅಜ್ಜನ ಕೂಗನ್ನು ಅನುಕರಿಸುತ್ತಿದ್ದರು. ಅದನ್ನು ಕೇಳುವಾಗ ಬೇಸಪ್ಪನ ಹಲ್ಲು ಜುಮ್ಮೆನ್ನುತ್ತಿತ್ತು. ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ. ಗುಮ್ಮಜ್ಜ ಬಲಗೈ ಮೇಲೆತ್ತುತ್ತ 'ಸ್ಟ್ರೈ' ಎಂದು ಎಳೆದು, ಅಲ್ಲಿ ಒಂದು ಉಸಿರು ಬಿಟ್ಟು, ಆಮೇಲೆ 'ಕ್' ಎಂದು ಬಾಗಿಲಿನ ಚಿಲಕ ಹಾಕಿದ ಹಾಗೆ ಹೇಳುತ್ತಿದ್ದ. ಉಸಿರು ಎಲ್ಲಿ ಬಿಡಬೇಕೆಂದು ಗೊತ್ತಿದ್ದವನು ಬೇಸಪ್ಪನೊಬ್ಬನೇ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯ ಕನ್ನಡಿಗಳ ಮುಂದೆ ನಿಂತು ಅದನ್ನು ಅಭ್ಯಾಸ ಮಾಡಿದ್ದ. ಕನ್ನಡಿಗೊಬ್ಬ ಅಂಪೈರು, ಎಲ್ಲರೂ ಮೊದಲನೆಯವರೇ.

"ಆದ್ರೂ ಆಕಾಶವಾಣಿ ಚೆಂಡು ನೋಡ್ತಿದ್ರಲ್ಲ, ಆ ಕಣ್ಣು," ಎಂದ ಕೋಚು, ಎಲ್ಲರಿಗೂ ಕೇಳುವಂತೆ. "ಅಂಥ ಕಣ್ಣು ಇನ್ನು ಹುಟ್ಟಲ್ಲ."

ಗುಂಪು ಹೂಂಗುಟ್ಟಿತು.

ಆಕಾಶವಾಣಿ ಎಂದರೆ ಮೊದಲ ಸಾಲಿನ ಕೊನೆಯಲ್ಲಿ ಕುಳಿತಿದ್ದ ಸಣಕಲು ಹುಡುಗಿ. ತೋಳಿನಲ್ಲಿ ಕಸುವಿಲ್ಲ, ಬಾಯಲ್ಲಿ ಮಾತಿಲ್ಲ. ಬೇರೆ ಮಕ್ಕಳು ಚೆಂಡನ್ನು ನೇರ ಬೀಸಿ ಎಸೆದರೆ ಇವಳು ಮೇಲಕ್ಕೆ, ಮೋಡವನ್ನು ಕೇಳಿ ಬಾ ಎನ್ನುವ ಹಾಗೆ ಎಸೆಯುತ್ತಿದ್ದಳು. ಚೆಂಡು ಸಾವಕಾಶವಾಗಿ ಹತ್ತಿ, ಅಲ್ಲೊಂದಿಷ್ಟು ವಿಶ್ರಮಿಸಿ, ಕಡಿದಾಗಿ ಇಳಿಯುತ್ತಿತ್ತು. ಬ್ಯಾಟಿನವರು ಕಾದು ಕಾದು ಹುಚ್ಚರಾಗಿ ಬೀಸುತ್ತಿದ್ದರು, ಇಲ್ಲವೇ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನೋಡುತ್ತ ನಿಂತರೆ ತೀರ್ಮಾನ ಅಂಪೈರಿನದು. ಚೆಂಡು ನೆಲದ ಬಿಳಿ ಪ್ಲೇಟಿನ ಮೇಲೆ, ಬ್ಯಾಟಿನ ಮಗುವಿನ ಎದೆಗೂ ಮೊಣಕಾಲಿಗೂ ನಡುವೆ ಹಾದರೆ ಸ್ಟ್ರೈಕ್, ಎಸೆದವರಿಗೆ ಲಾಭ. ತಪ್ಪಿದರೆ ಬಾಲ್, ಬ್ಯಾಟಿನವರಿಗೆ ಲಾಭ. ಇವಳ ಚೆಂಡು ಮೊಣಕಾಲ ಎತ್ತರದಲ್ಲಿ ಪ್ಲೇಟು ದಾಟಿದರೂ ಹಿಡಿಯುವವನ ಕೈಗೆ ಬೀಳುವಾಗ ನೆಲಕ್ಕೇ ಬಂದಿರುತ್ತಿತ್ತು. ಕೆಳಗೆ ಹಿಡಿದದ್ದು ಕಂಡು ಅಪ್ಪ ಅಮ್ಮಂದಿರೆಲ್ಲ ಬಾಲ್ ಎಂದು ಅರಚುತ್ತಿದ್ದರು. ಗುಮ್ಮಜ್ಜ ಕೂಡಲೇ ಏನೂ ಹೇಳುತ್ತಿರಲಿಲ್ಲ. ಮುಖವಾಡದೊಳಗೆ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ತೀರ್ಪು. ಆ ಮೌನಕ್ಕೆ ಜನ ಮರುಳಾಗಿದ್ದರು. ಅಳೆದು ತೂಗಿ ಹೇಳ್ತಾರೆ ನೋಡಿ ಎನ್ನುತ್ತಿದ್ದರು.

ಅಳೆದು ತೂಗುತ್ತಿದ್ದದ್ದು ಏನೆಂದು ಬೇಸಪ್ಪನಿಗೆ ಗೊತ್ತಿತ್ತು. ಅಲ್ಲ, ಗೊತ್ತಿದೆ ಎಂದುಕೊಂಡಿದ್ದ.

*

ಅದು ಹಿಂದಿನ ಸೀಸನ್ನು ಶುರುವಾಗುವ ಮುಂಚಿನ ಮಾತು. ಅಂಗಡಿಯಲ್ಲಿ ಗಲ್ಲವನ್ನು ಯಂತ್ರಕ್ಕೆ ಆನಿಸಿ ಕುಳಿತ ಗುಮ್ಮಜ್ಜ, ಮೇಲಿನ ಬೆಳಕಿನ ಚುಕ್ಕೆಗಳಲ್ಲಿ ಒಂದನ್ನೂ ಗುರುತಿಸಲಿಲ್ಲ. ಬೇಸಪ್ಪ ಯಂತ್ರ ಕೆಟ್ಟಿದೆಯೆಂದು ಎರಡು ಸಲ ಒರೆಸಿದ.

"ಯಂತ್ರಕ್ಕೇನೂ ಆಗಿಲ್ಲ ತಮ್ಮಾ," ಎಂದಿದ್ದ ಗುಮ್ಮಜ್ಜ. "ಡಾಕ್ಟ್ರು ಆಗಲೇ ಹೇಳಾಯ್ತು. ಅಂಗಡಿ ಶಟರು ಅರ್ಧ ಇಳಿದಿದೆಯಂತೆ. ಕೆಳಗಿಂದ ಬಗ್ಗಿ ಬಂದೋರು ಕಾಣ್ತಾರೆ, ಮೇಲಿಂದ ಬಂದೋರು ಕಾಣಲ್ಲ. ಔಷಧಿ ಹಾಕ್ಕೊಂಡ್ರೆ ಇನ್ನೂ ಇಳಿಯಲ್ಲ ಅಷ್ಟೇ, ಮೇಲೇಳಲ್ಲ."

ನೇರ ಬರುವ ಚೆಂಡುಗಳಿಗೆ ತೊಂದರೆಯಿರಲಿಲ್ಲ. ಆಕಾಶದಿಂದ ಬರುವ ಆ ಒಬ್ಬಳ ಚೆಂಡು ಮಾತ್ರ, ಮನೆಗೆ ಹೇಳದೆ ಬಂದ ನೆಂಟನ ಹಾಗೆ, ಕಣ್ಣೆದುರು ಥಟ್ಟನೆ ಪ್ರತ್ಯಕ್ಷವಾಗುತ್ತಿತ್ತು. ಹಾಗಾದರೆ ಬಿಟ್ಟುಬಿಡಿ ಎಂದು ಬೇಸಪ್ಪ ಹೇಳಬೇಕಿತ್ತು. ಹೇಳುವ ಮೊದಲೇ ಮುದುಕ ಅವನ ಕೈ ಹಿಡಿದುಕೊಂಡ. ನೀನು ಎಸೆಯುವವಳ ಹಿಂದೆ ನಿಂತಿರುತ್ತೀಯ, ಚೆಂಡು ಪ್ಲೇಟಿನ ಮೇಲೆ ಬಂತೋ ಪಕ್ಕಕ್ಕೆ ಹೋಯಿತೋ ನಿನಗೆ ಕಾಣುತ್ತದೆ. ಬಂದರೆ ಟೋಪಿ ಮುಟ್ಟಿಕೋ, ಹೋದರೆ ಸೊಂಟದ ಮೇಲೆ ಕೈಯಿಡು. ನಮ್ಮಿಬ್ಬರಲ್ಲೇ ಇರಲಿ, ಮನೆಯಲ್ಲೂ ಗೊತ್ತಾಗಬಾರದು.

ಆ ಸೀಸನ್ನು ಪೂರ್ತಿ ಬೇಸಪ್ಪ ಟೋಪಿ ಮುಟ್ಟಿದ, ಸೊಂಟ ಮುಟ್ಟಿದ. ಮೊದಮೊದಲು ಹೆಮ್ಮೆಯೆನಿಸಿತು. ಆಮೇಲೆ, ಅವನು ಟೋಪಿ ಮುಟ್ಟಿದ್ದಕ್ಕೆಲ್ಲ ಗುಮ್ಮಜ್ಜನಿಗೆ ಚಪ್ಪಾಳೆ ಬೀಳುವುದು ಕೇಳಿ ಕೇಳಿ ಕಿವಿ ಕಾಯತೊಡಗಿತು. ಮನೆಗೆ ಹೋಗಿ ಗುಟ್ಟು ಬಿಡದೆ ಗೊಣಗುತ್ತಿದ್ದ. "ಇಬ್ಬರು ಸವತಿಯರಿಗೂ ಇಷ್ಟು ಹೊಟ್ಟೆಕಿಚ್ಚು ಇರಲ್ಲಪ್ಪ," ಎಂದು ಹೆಂಡತಿ ಊಟಕ್ಕೆ ಬಡಿಸುತ್ತಿದ್ದಳು.

ಕೊನೆಯ ಪಂದ್ಯದ ಕೊನೆಯ ಎಸೆತ ಆಕಾಶವಾಣಿಯದು. ಚೆಂಡು ಪ್ಲೇಟಿನ ಪಕ್ಕಾ ನಡುಮಧ್ಯ ಬಂತು. ಬೇಸಪ್ಪ ಟೋಪಿ ಮುಟ್ಟಿದ. ಅನುಮಾನ ಬೇಡವೆಂದು ಅಂಚು ಹಿಡಿದು ಎಳೆದೂ ತೋರಿಸಿದ. ಗುಮ್ಮಜ್ಜ ಎಂದಿನಂತೆ ಸುಮ್ಮನಿದ್ದು, ಆಮೇಲೆ, "ಬಾಲ್" ಎಂದ.

ಅದು ನಾಲ್ಕನೆಯ ಬಾಲ್, ಎದುರಿನವರಿಗೆ ಗೆಲುವಿನ ಓಟ ಪುಕ್ಕಟೆ; ಆಟ ಅಲ್ಲಿಗೆ ಹೋಯಿತು. ಸೋತ ಹುಡುಗಿ ಅಳಲಿಲ್ಲ, ಕೈಗವಸು ಕಚ್ಚಿಕೊಂಡು ನಿಂತಳು. ಬೇಸಪ್ಪ ಬಟ್ಟೆ ಬದಲಿಸುವ ಕೋಣೆಯಲ್ಲಿ ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದ್ದಕ್ಕೆ ಗುಮ್ಮಜ್ಜ ಶೂ ಬಿಚ್ಚುತ್ತ, "ಕಂಡಿದ್ದು ಹೇಳ್ದೆ ತಮ್ಮಾ" ಎಂದಿದ್ದ. ಕಂಡದ್ದಂತೆ. ಅದನ್ನು ಬೇಸಪ್ಪ ಅರಗಿಸಿಕೊಳ್ಳಲಾರದೆ ಹೋದ. ನಾನು ಮುಖ್ಯ, ನೀನು ಅಮುಖ್ಯ ಎಂದು ತೋರಿಸಲಿಕ್ಕೆ ಒಂದು ಮಗುವನ್ನು ಸೋಲಿಸಿದ ಮುದುಕ ಎಂದು ತೀರ್ಮಾನಿಸಿ ಮಾತು ಬಿಟ್ಟ. ಒಮ್ಮೆ ಗುಮ್ಮಜ್ಜ ಕನ್ನಡಕದ ಸಡಿಲ ತಿರುಪುಮೊಳೆಯ ನೆಪ ಹಿಡಿದು ಅಂಗಡಿಗೆ ಬಂದು ಬಹಳ ಹೊತ್ತು ಕುಳಿತಿದ್ದ. ಬೇಸಪ್ಪ ಮೊಳೆ ಬಿಗಿ ಮಾಡಿ ಕೊಟ್ಟ, ತುಟಿಯನ್ನೂ ಬಿಗಿಯಾಗಿಯೇ ಇಟ್ಟುಕೊಂಡ. ಅದಾದ ಮೇಲೆ ಮೊನ್ನೆ, ಮುದುಕ ಕುರ್ಚಿಯಲ್ಲಿ ಕೂತಲ್ಲೇ ಹೋಗಿದ್ದಾನೆಂದು ಫೋನು ಬಂತು.

*

ಇವತ್ತು ಎಲ್ಲರೆದುರು ಹೇಳಿಬಿಡುವುದೆಂದು ಬೇಸಪ್ಪ ಬೆಳಿಗ್ಗೆಯೇ ನಿಶ್ಚಯಿಸಿದ್ದ. ನಿಂದೆಯಾಗಿ ಅಲ್ಲ, ಪ್ರೀತಿಯ ನೆನಪಾಗಿ. ಪಾಪ, ಅವರಿಗೆ ಮೇಲಿನದು ಕಾಣುತ್ತಿರಲಿಲ್ಲ, ಕೊನೆಗಾಲದಲ್ಲಿ ಅವರ ಕಣ್ಣು ನಾನೇ ಆಗಿದ್ದೆ. ಇಷ್ಟು ಸಾಕು. ಆಮೇಲೆ ಪ್ಲೇಟಿನ ಹಿಂದೆ ಯಾರು ನಿಲ್ಲಬೇಕೆಂದು ಕೋಚು ತಲೆ ಕೆರೆದುಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಖಾಲಿ ಲೋಟ ಇಡಲು ಹಾಲಿನ ಹಿಂದಿನ ಕೋಣೆಗೆ ಹೋದಾಗ ಅಲ್ಲಿ ಟೈಲರಮ್ಮ ಸಿಂಕಿನ ಪಕ್ಕ ನಿಂತು ಅಳುತ್ತಿದ್ದಳು. ಲೀಗಿನ ಮಕ್ಕಳ ಬಟ್ಟೆಯೆಲ್ಲ ಹೊಲಿಯುವವಳು. ಆಟದ ದಿನ ಪ್ಲೇಟಿಗೆ ಸರಿಯಾಗಿ ಪಕ್ಕದ ಬೇಲಿಯಲ್ಲಿರುವ ಸ್ಕೋರ್‌ಬೋರ್ಡಿಗೆ ಅಂಕಿ ತೂಗುಹಾಕುವವಳೂ ಅವಳೇ. ಅಳು ಸ್ವಲ್ಪ ಹೆಚ್ಚಾಯಿತೆಂದು ಬೇಸಪ್ಪನಿಗನಿಸಿತು. ಸಮಾಧಾನ ಹೇಳಲೆಂದು, ಎಲ್ಲರೂ ಅವರ ಕಣ್ಣಿನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂದ.

"ಕಣ್ಣಂತೆ ಕಣ್ಣು," ಎಂದಳು ಟೈಲರಮ್ಮ, ಸೆರಗಿನಿಂದ ಮೂಗೊರೆಸಿಕೊಂಡು. "ಆ ಕಣ್ಣು ಯಾರದು ಅಂತ ನಂಗೊಬ್ಬಳಿಗೆ ಗೊತ್ತು. ಹೋಗ್ಲಿ ಬಿಡಿ. ಆಣೆ ಹಾಕಿಸ್ಕೊಂಡಿದ್ರು."

ಬೇಸಪ್ಪ ಲೋಟವನ್ನು ಸಿಂಕಿನಲ್ಲಿಡದೆ ಕೈಯಲ್ಲೇ ಹಿಡಿದುಕೊಂಡ.

"ಏನಂತ ಆಣೆ?"

ಸತ್ತವರ ಗುಟ್ಟು, ಈಗ ಹೇಳಿದರೆ ತಪ್ಪೇನೂ ಇಲ್ಲ ಎಂದು ಒಂದು ಸಲ, ಹೇಳಬಾರದು ಎಂದು ಒಂದು ಸಲ ಅಂದುಕೊಂಡು ಟೈಲರಮ್ಮ ಹೇಳಿಯೇಬಿಟ್ಟಳು. ಅವರಿಗೆ ಮೇಲಿಂದ ಬರುವುದು ಕಾಣುತ್ತಿರಲಿಲ್ಲ. ಆಕಾಶವಾಣಿ ಎಸೆದಾಗ ಇವಳು ಪಕ್ಕದಿಂದ ಎತ್ತರ ನೋಡಬೇಕು. ಮೊಣಕಾಲಿಗಿಂತ ಮೇಲಿದ್ದರೆ ಅಂಕಿಯ ಹಲಗೆಯನ್ನು ಎದೆಗವಚಿಕೊಳ್ಳುವುದು, ಕೆಳಗಿದ್ದರೆ ಕೆಳಗಿಳಿಸುವುದು.

"ಯಾವ ಮಗುವಿನ ಮೊಣಕಾಲು ಎಲ್ಲಿದೆ ಅಂತ ನನಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ? ಪ್ಯಾಂಟು ಹೊಲಿಯೋಳು ನಾನು. ನಮ್ಮಿಬ್ಬರಲ್ಲೇ ಇರ್ಲಿ ಅಂದಿದ್ರು. ನಂಗೊಬ್ಬಳಿಗೇ ಹೇಳಿದ್ದು."

"ನಿಮಗೊಬ್ಬರಿಗೇ," ಎಂದ ಬೇಸಪ್ಪ.

"ಹೂಂ."

"ನಾನು ಟೋಪಿ ಮುಟ್ಕೊಳ್ತಿದ್ದದ್ದು ಮತ್ತೆ ತಲೆ ತುರಿಸ್ತು ಅಂತಾನಾ?"

ಟೈಲರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವಳ ಅಳು ಕತ್ತರಿಯಿಂದ ಕತ್ತರಿಸಿದ ಹಾಗೆ ನಿಂತಿತು. ಅವನನ್ನು ಮೇಲಿಂದ ಕೆಳಗೆ, ಅಳತೆ ಸರಿಯಿಲ್ಲದ ಬಟ್ಟೆಯನ್ನು ನೋಡುವಂತೆ ನೋಡಿದಳು. ಮೈದಾನದ ನಡುವೆ ನಿಂತವರಿಗೆ ಎತ್ತರ ಏನು ಕಾಣುತ್ತೆ ಎಂದಳು. ಬೇಲಿಯಲ್ಲಿ ನಿಂತವರಿಗೆ ಚೆಂಡು ಪಕ್ಕಕ್ಕೆ ಹೋದದ್ದು ಏನು ಕಾಣುತ್ತೆ ಎಂದು ಇವನೂ ಕೇಳಿದ. ಇಬ್ಬರೂ ಪಿಸುದನಿಯಲ್ಲೇ ಜಗಳವಾಡಿದರು. ಆಚೆ ಹಾಲಿನಲ್ಲಿ ಪೆಟ್ಟಿಗೆ ಇತ್ತು. ಅರ್ಧ ಅವಳಿಗೆ ಕಂಡದ್ದು, ಅರ್ಧ ಇವನಿಗೆ ಕಂಡದ್ದು. ಎರಡನ್ನೂ ಸೇರಿಸಿ ಮುದುಕ ಮುಖವಾಡದೊಳಗೆ ಹೊಲಿಗೆ ಹಾಕುತ್ತಿದ್ದ.

"ಕೊನೇ ಪಂದ್ಯ," ಎಂದ ಬೇಸಪ್ಪ. "ನಾನು ಟೋಪಿ ಎಳೆದು ತೋರಿಸಿದ್ದೆ."

"ಚೆಂಡು ಕೆಳಗಿತ್ತು," ಎಂದಳು ಟೈಲರಮ್ಮ. "ಬ್ಯಾಟು ಹಿಡಿದಿದ್ದ ಆ ಮಗುಗೆ ನಾನೇ ಪ್ಯಾಂಟಿನ ಹೊಲಿಗೆ ಬಿಚ್ಚಿ ಒಂದಿಂಚು ಉದ್ದ ಮಾಡಿದ್ದೆ, ಬೆಳೆದಿದಾನೆ ಅಂತ. ಮೊಣಕಾಲಿಗಿಂತ ಕೆಳಗಿತ್ತು. ನಾನು ಹಲಗೆ ಇಳಿಸ್ದೆ."

ಬೇಸಪ್ಪ ಲೋಟವನ್ನು ಕೊನೆಗೂ ಸಿಂಕಿನಲ್ಲಿಟ್ಟ. ಮುದುಕ ಅವನನ್ನು ಕಡೆಗಣಿಸಿರಲಿಲ್ಲ ಎಂಬುದು ತಿಳಿದರೆ ಹಗುರವಾಗಬೇಕಿತ್ತು. ಆಗಲಿಲ್ಲ. ಅಂಗಡಿಗೆ ಬಂದು ಕುಳಿತಿದ್ದ ಮುದುಕನ ಬಾಯಿ ಕಟ್ಟಿದ್ದು ಇವಳಿಗೆ ಕೊಟ್ಟ ಮಾತು. ಬೇಸಪ್ಪನ ಗೆಳೆತನ ಕಳೆದುಕೊಳ್ಳಲು ಸಿದ್ಧನಾದ, ಇವಳ ಗುಟ್ಟು ಬಿಡಲಿಲ್ಲ. ಈಗ ಉರಿ ಜಾಗ ಬದಲಿಸಿತ್ತು ಅಷ್ಟೇ. ಹಿಂದೆ ಮುದುಕನ ಮೇಲಿತ್ತು, ಈಗ ಅಂಕಿ ತೂಗುಹಾಕುವವಳ ಮೇಲೆ.

*

ಮಾತಾಡಲು ಕರೆದಾಗ ಅವನು ಎದ್ದು ಹೋಗಿ ಕುರ್ಚಿಯ ಬೆನ್ನು ಹಿಡಿದು ನಿಂತ. ಇಷ್ಟು ವರ್ಷ ಜೊತೆಗೆ ನಿಂತವರು ಎಂದು ಕೋಚು ಪರಿಚಯಿಸಿದ್ದ. ಮೊದಲ ಸಾಲಿನ ನಡುವೆ ಗುಮ್ಮಜ್ಜನ ಹೆಂಡತಿ ಕೈ ಮಡಚಿ ಕುಳಿತಿದ್ದಳು. ಹಿಂದಿನ ಕೋಣೆಯ ಬಾಗಿಲಲ್ಲಿ ಟೈಲರಮ್ಮ ನಿಂತಿದ್ದಳು, ಉಸಿರು ಹಿಡಿದುಕೊಂಡು.

ಬೇಸಪ್ಪ ಲೆಕ್ಕ ಹಾಕಿದ. ಹೇಳಿದರೆ ಪೂರ್ತಿ ಹೇಳಬೇಕು. ಪೂರ್ತಿ ಹೇಳಿದರೆ ಕೀರ್ತಿಯಲ್ಲಿ ಅರ್ಧ ಆ ಬಾಗಿಲಿಗೆ ಹೋಗುತ್ತದೆ. ಅರ್ಧ ಹೇಳಿದರೆ ಉಳಿದರ್ಧ ಹೇಳಲು ಅವಳು ಅಲ್ಲೇ ನಿಂತಿದ್ದಾಳೆ. ಅವಳ ಜೊತೆ ಹಂಚಿಕೊಂಡು ಉಣ್ಣುವುದಕ್ಕಿಂತ ಪೂರ್ತಿ ತಟ್ಟೆ ಸತ್ತವನ ಮುಂದೆಯೇ ಇರಲಿ.

"ಎಲ್ಲರೂ ಅವರ ಕಣ್ಣಿನ ಬಗ್ಗೆ ಹೇಳಿದ್ರಿ," ಎಂದ. "ನಾನು ಕನ್ನಡಕ ಮಾರೋನು. ಅಂಥ ಕಣ್ಣುಗಳ ಬಗ್ಗೆ ನಾನು ಒಳ್ಳೇ ಮಾತಾಡಿದ್ರೆ ನನ್ನ ವ್ಯಾಪಾರ ಏನಾಗ್ಬೇಕು?"

ಹಾಲು ಮೆಲ್ಲಗೆ ನಕ್ಕಿತು. ಅವನು ಬಂದು ಕುಳಿತ. ಒಳ್ಳೆಯ ಮಾತು ಎಂದು ಪಕ್ಕದವರು ಭುಜ ತಟ್ಟಿದರು. ಬಾಗಿಲಲ್ಲಿ ಟೈಲರಮ್ಮ ಉಸಿರು ಬಿಟ್ಟಳು. ಅವಳ ಮುಖದಲ್ಲಿ ಕೃತಜ್ಞತೆಗಿಂತ ಹೆಚ್ಚಾಗಿ ತಾನೂ ಅದೇ ಲೆಕ್ಕ ಹಾಕಿದ್ದೆ ಎಂಬ ಗುರುತಿತ್ತು.

ಪೆಟ್ಟಿಗೆ ಎತ್ತುವಾಗ ಕೋಚು ಬಂದು, ಮೈದಾನದಲ್ಲಿ ಪ್ಲೇಟಿನ ಹಿಂದೆ ನೀವೇ ನಿಂತುಬಿಡಿ ಸಾರ್, ನೀವಲ್ಲದೆ ಇನ್ಯಾರು ಎಂದು ಕಿವಿಯಲ್ಲಿ ಹೇಳಿ ಹೋದ. ಅಷ್ಟು ಸಲೀಸಾಗಿ ಸಿಕ್ಕಿತು. ಎಷ್ಟೋ ವರ್ಷ ತಳ್ಳಿದ ಬಾಗಿಲಿಗೆ ಬೀಗವೇ ಇರಲಿಲ್ಲವೆಂದು ತಿಳಿದವನ ಹಾಗೆ ಬೇಸಪ್ಪ ನಿಂತುಬಿಟ್ಟ.

*

ವ್ಯಾನಿನಲ್ಲಿ ಗುಮ್ಮಜ್ಜನ ಹೆಂಡತಿ ಅವನನ್ನು ತನ್ನ ಪಕ್ಕ ಕೂರಿಸಿಕೊಂಡಳು. ಮುಖವಾಡ ಅವನ ತೊಡೆಯ ಮೇಲಿತ್ತು. ಅಂಗಡಿಬೀದಿ ದಾಟುವವರೆಗೂ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ, ಡ್ರೈವರಿಗೆ ಕೇಳದ ಹಾಗೆ, "ಒಂದು ಮಾತು ಕೇಳ್ತೀನಿ. ಸುಳ್ಳು ಹೇಳ್ಬಾರ್ದು," ಎಂದಳು.

"ಕೇಳಿ ಅತ್ತಿಗೆ."

"ನಮ್ಮನೆಯೋರಿಗೂ ಆ ಟೈಲರಮ್ಮನಿಗೂ ಏನಿತ್ತು?"

ಬೇಸಪ್ಪನ ತೊಡೆಯಿಂದ ಮುಖವಾಡ ಜಾರಿತು. ಹಿಡಿದುಕೊಂಡ.

ಅವಳು ಎಲ್ಲ ಪಂದ್ಯಗಳಿಗೂ ಬರುತ್ತಿದ್ದಳು. ಪ್ಲೇಟಿನ ಹಿಂದಿನ ತಂತಿಬಲೆಯಾಚೆ ಮೊದಲ ಬೆಂಚು, ಗಂಡನ ಬೆನ್ನಿಗೆ ನೇರ. ಅಲ್ಲಿಂದ ಗಂಡನ ಮುಖ ಕಾಣುತ್ತಿರಲಿಲ್ಲ, ತಲೆ ತಿರುಗುವುದು ಮಾತ್ರ ಕಾಣುತ್ತಿತ್ತು. ಆ ಸಣಕಲು ಹುಡುಗಿ ಎಸೆದಾಗಲೆಲ್ಲ ತಲೆ ಮೊದಲು ಬೇಸಪ್ಪನ ಕಡೆ ಏಳುತ್ತಿತ್ತು, ಆಮೇಲೆ ಬೇಲಿಯ ಕಡೆ ತಿರುಗುತ್ತಿತ್ತು.

"ನಿಮ್ಮನ್ನ ನೋಡೋದು ಸರಿ. ಅಂಪೈರು. ಅವಳನ್ನ ಯಾಕೆ ನೋಡ್ಬೇಕು? ಅವಳೂ ಇವರನ್ನೇ ನೋಡೋಳು, ಆ ಹಲಗೆ ಎದೆಗವಚಿಕೊಂಡು. ಒಂದು ವರ್ಷ ಪೂರ್ತಿ ನೋಡಿದೀನಿ. ಕೇಳೋಣ ಅಂತ ಬಾಯಿಗೆ ಬರೋದು, ನುಂಗ್ಕೊಳ್ತಿದ್ದೆ. ಇವತ್ತು ನೋಡಿ, ನನಗಿಂತ ಹೆಚ್ಚು ಅತ್ತಿದಾಳೆ."

ವ್ಯಾನು ಸಿಗ್ನಲ್ಲಿನಲ್ಲಿ ನಿಂತಿತು. ಗೊತ್ತಿಲ್ಲ ಅತ್ತಿಗೆ ಎಂದರೆ ಸಾಕಿತ್ತು. ಸುಮ್ಮನೆ ತಲೆ ತಗ್ಗಿಸಿದರೂ ಸಾಕಿತ್ತು. ಟೈಲರಮ್ಮ ಮತ್ತೆ ಆ ಬೇಲಿಯ ಹತ್ತಿರ ಸುಳಿಯಲಾರದ ಹಾಗಾಗುತ್ತಿತ್ತು. ಆ ಕಣ್ಣು ತನ್ನದೊಬ್ಬನದೇ ಆಗಿಬಿಡುತ್ತಿತ್ತು. ಬೇಸಪ್ಪ ಸಿಗ್ನಲ್ಲಿನ ಕೆಂಪನ್ನು ದಿಟ್ಟಿಸಿದ. ಅದು ಹಸಿರಾಗುವವರೆಗೆ ಆ ಯೋಚನೆ ಅವನ ನಾಲಿಗೆಯ ಮೇಲೆ ಸಿಹಿಯಾಗಿಯೇ ಇತ್ತು ಎಂಬುದನ್ನು ಮುಚ್ಚಿಡುವಂತಿಲ್ಲ.

"ಅವರಿಗೆ ಮೇಲಿನದು ಕಾಣ್ತಿರ್ಲಿಲ್ಲ ಅತ್ತಿಗೆ," ಎಂದ.

ಎಲ್ಲವನ್ನೂ ಹೇಳಿದ. ಶಟರು, ಟೋಪಿ, ಹಲಗೆ, ಕೊನೆಯ ಪಂದ್ಯ. ಟೈಲರಮ್ಮನ 'ನಂಗೊಬ್ಬಳಿಗೇ' ಎಂಬುದನ್ನು ಅವಳದೇ ದನಿಯಲ್ಲಿ ಹೇಳಿದ, ತನ್ನದನ್ನೂ ತನ್ನದೇ ದನಿಯಲ್ಲಿ. ಗುಮ್ಮಜ್ಜನ ಹೆಂಡತಿ ನಡುವೆ ಒಂದು ಸಲ ನಕ್ಕಳು. ನಗು ಬಂದ ದಾರಿಯಲ್ಲೇ ವಾಪಸು ಹೋಯಿತು.

"ಮೇಲಿನ ಶೆಲ್ಫಿಂದ ಏನೂ ತೆಗೆದುಕೊಡ್ತಿರ್ಲಿಲ್ಲ," ಎಂದಳು. "ಸೋಮಾರಿ ಆದ್ರು ಅಂತ ಬಯ್ಯೋಳು ನಾನು. ಬೈಸ್ಕೊಂಡು ಸುಮ್ಮನಿರೋರು."

"ನಿಮಗೆ ಹೇಳಿದ್ರೆ ಗ್ರೌಂಡಿಗೆ ಬಿಡಲ್ಲ ಅಂತ..."

"ಬಿಡ್ತಿರ್ಲಿಲ್ಲ," ಎಂದಳು ಅವಳು ತಟ್ಟನೆ. ಮತ್ತೆ ಕಿಟಕಿಯಾಚೆ ನೋಡುತ್ತ, "ಇಬ್ಬರನ್ನ ಹುಡುಕ್ಕೊಂಡ್ರು ನೋಡಿ. ಒಬ್ಬರಿಗೆ ಅಡ್ಡ ಕಾಣೋದು, ಒಬ್ಬಳಿಗೆ ಎತ್ತರ ಕಾಣೋದು. ನಾನು ಬೆನ್ನ ಹಿಂದೇ ಕೂತಿರ್ತಿದ್ದೆ. ನನಗೆ ಎರಡೂ ಕಾಣೋದು. ತಿರುಗಿ ನೋಡಿದ್ರೆ ಆಗ್ತಿತ್ತು."

ಅಂಪೈರಾದವನು ಆಟಕ್ಕೆ ಬೆನ್ನು ಮಾಡಿ ಹಿಂದಿನ ಬೆಂಚನ್ನು ನೋಡುವ ಹಾಗಿಲ್ಲ ಎಂದು ಬೇಸಪ್ಪ ಹೇಳಹೋದ. ನಿಯಮವೇನೋ ಸರಿಯಿತ್ತು. ಅವಳ ಮುಖ ನೋಡಿ ನಿಯಮವನ್ನು ಬಾಯಲ್ಲೇ ಇಟ್ಟುಕೊಂಡ.

*

ಮೈದಾನದ ಪಕ್ಕ ವ್ಯಾನಿನ ಹಿಂಬಾಗಿಲನ್ನು ತೆರೆದು ನಿಲ್ಲಿಸಿದರು, ಪೆಟ್ಟಿಗೆಗೂ ಕಾಣಲಿ ಎನ್ನುವ ಹಾಗೆ. ಜನ ಗೆರೆಯುದ್ದಕ್ಕೂ ನಿಂತರು. ಟೈಲರಮ್ಮ ಯಾರೂ ಹೇಳದಿದ್ದರೂ ಹೋಗಿ ಸ್ಕೋರ್‌ಬೋರ್ಡಿನ ಪಕ್ಕ ನಿಂತಳು. ಗುಮ್ಮಜ್ಜನ ಹೆಂಡತಿ ಕುರ್ಚಿ ತಂದವರಿಗೆ ಬೇಡವೆಂದು ಕೈಯಾಡಿಸಿ ಬಲೆಯ ಹಿಂದಿನ ತನ್ನ ಬೆಂಚಿನಲ್ಲಿ ಕುಳಿತಳು.

ಬೇಸಪ್ಪ ಮುಖವಾಡ ಹಾಕಿಕೊಂಡ. ಒಳಗೆ ಮುದುಕನ ಬೆವರಿನ ವಾಸನೆಯಿತ್ತು. ಬ್ಯಾಟು ಹಿಡಿದು ನಿಂತ ಹುಡುಗನ ಹಿಂದೆ, ಚೆಂಡು ಹಿಡಿಯುವ ಹುಡುಗನ ಬೆನ್ನಿಗೆ ಕುಕ್ಕರಿಸಿದ. ಎಷ್ಟೋ ವರ್ಷ ಎದುರಿನಿಂದ ನೋಡಿದ ಜಾಗ. ಇಲ್ಲಿಂದ ಮೈದಾನವೆಲ್ಲ ಅಂಗೈ ಬಿಚ್ಚಿದ ಹಾಗೆ ತನ್ನ ಕಡೆಗೇ ತೆರೆದಿತ್ತು.

ಆಕಾಶವಾಣಿ ಪೆಟ್ಟಿಗೆಯ ಕಡೆ ಒಮ್ಮೆ ನೋಡಿ ಎಸೆದಳು.

ಚೆಂಡು ಹತ್ತಿತು. ಎಲ್ಲರ ಗಲ್ಲಗಳೂ ಅದರ ಜೊತೆ ಮೇಲೆದ್ದವು. ಬೇಸಪ್ಪನ ಕಣ್ಣು ಅದನ್ನು ಒಂದು ಕ್ಷಣವೂ ಬಿಡಲಿಲ್ಲ. ಹತ್ತುವಾಗ ಕಂಡಿತು, ತುದಿಯಲ್ಲಿ ತಡೆದು ನಿಂತಾಗ ಕಂಡಿತು, ಇಳಿಯುವಾಗ ಅದರ ಹೊಲಿಗೆಯ ದಾರವೂ ಕಂಡಿತು. ಪ್ಲೇಟಿನ ಮೇಲೆಯೇ ಬಂತು. ಆದರೆ ಬ್ಯಾಟಿನ ಹುಡುಗನ ಮೊಣಕಾಲಿಗಿಂತ ಒಂದು ಬೆರಳಿನಷ್ಟು ಕೆಳಗೆ. ಅಡ್ಡವನ್ನೂ ಎತ್ತರವನ್ನೂ ಅವನು ತಾನೇ ನೋಡಿದ್ದ, ಯಾರ ಟೋಪಿಯೂ ಬೇಕಾಗಿರಲಿಲ್ಲ, ಯಾರ ಹಲಗೆಯೂ ಬೇಕಾಗಿರಲಿಲ್ಲ. ಚೆಂಡು ಹುಡುಗನ ಕೈಗವಸಿನೊಳಗೆ ಬಿದ್ದು ಸದ್ದಡಗಿತು.

ಜನ ಕಾದರು. ಕನ್ನಡಿಗಳಿಗೆ ಹೇಳಿ ಪಳಗಿದ ಗಂಟಲು, ಸ್ಟ್ರೈಕಿಗೆ ಏಳುವ ಬಲಗೈ ಎರಡೂ ಸಿದ್ಧವಾಗಿದ್ದವು. ಬೇಲಿಯ ಬಳಿ ಟೈಲರಮ್ಮ ಕೈ ಕಟ್ಟಿ ಅವನನ್ನೇ ನೋಡುತ್ತಿದ್ದಳು.

ಬೇಸಪ್ಪ ಎದ್ದು ನಿಂತ. ಮುಖವಾಡ ಕಳಚಿದ. ಹುಡುಗಿಗೆ, ಕೋಚಿಗೆ, ಗೆರೆಯುದ್ದಕ್ಕೂ ನಿಂತವರಿಗೆಲ್ಲ ಬೆನ್ನು ಮಾಡಿ ಪೂರ್ತಿ ಹಿಂದಕ್ಕೆ ತಿರುಗಿದ.

ಬಲೆಯಾಚೆ ಗುಮ್ಮಜ್ಜನ ಹೆಂಡತಿಗೆ ಮೊದಲು ಗೊತ್ತಾಗಲಿಲ್ಲ. ಇವನು ಯಾರನ್ನು ನೋಡುತ್ತಿದ್ದಾನೆಂದು ತಾನೂ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದಳು. ಹಿಂದೆ ಖಾಲಿ ಬೆಂಚುಗಳಿದ್ದವು. ಮತ್ತೆ ಈ ಕಡೆ ತಿರುಗಿದಳು. ಮಡಿಲಲ್ಲಿ ಮಡಚಿಟ್ಟುಕೊಂಡಿದ್ದ ಕೈಗಳು ಬಿಡಿಸಿಕೊಂಡವು, ಒಂದು ಅಲ್ಲೇ ಉಳಿಯಿತು, ಬಲಗೈ ನಿಧಾನವಾಗಿ ಮೇಲೇಳತೊಡಗಿತು.